ಪ್ಯಾಕೆಟ್ ಕಾಯುವ ಕಾಕಾ

ನಮ್ಮ ಕಾಕಾನನ್ನು ಬರೀ ಬಾಯಿಮಾತಿನಲ್ಲಿ ನಂಬಿಸಬಲ್ಲವರು ಪುಣೆಯಲ್ಲಿ ಇನ್ನೂ ಹುಟ್ಟಿಲ್ಲ! ಮಳೆ ಬರುತ್ತಿದೆ ಎಂದರೆ ಕಿಟಕಿಯಾಚೆ ಕೈ ಚಾಚಿ ಅಂಗೈ ನೋಡಿಕೊಳ್ಳುತ್ತಾರೆ. ಕೋಥರೂಡಿನ ಅವರ ಅಪಾರ್ಟ್‌ಮೆಂಟ್ ಸೊಸೈಟಿಗೆ ಕೊರಿಯರ್ ತಂದವನ ಗತಿಯಂತೂ ಕೇಳಬೇಡಿ. ಎಲ್ಲಿಂದ ಹೊರಟಿತು, ಎಲ್ಲೆಲ್ಲಿ ತಂಗಿತು, ಯಾರ ಕೈ ದಾಟಿತು ಎಂದು ಮರಾಠಿಯಲ್ಲಿ ಪೂರ್ತಿ ವಿಚಾರಣೆ. ಆತ "ಕಾಕಾ, ಸಹೀ ಕರಾ ನಾ!" ಎಂದು ಗೋಗರೆದ ಮೇಲೆಯೇ ಪೆನ್ನು ಹೊರಬರುವುದು. ಅವರ ಹೆಂಡತಿ, ನಮ್ಮ ಕಾಕು, ತೀರಿಕೊಂಡ ಮೇಲೆ ಈ ಚಾಳಿ ಇನ್ನೂ ಹೆಚ್ಚಿತು. ಸಾಕು ಬಿಡ್ರಿ ಎನ್ನುವವರು ಮನೆಯಲ್ಲಿ ಇರಲಿಲ್ಲವಲ್ಲ.

ಇಂಥವರಿಗೆ ಸಿಕ್ಕ ಕೆಲಸವೇನು ಗೊತ್ತೇ? ಯೆರವಡಾದ ಒಂದು ಕಂಪನಿಯಲ್ಲಿ ಯುನಿಕ್ಸ್ ಸರ್ವರ್‌ಗಳ ಉಸ್ತುವಾರಿ! ನೆಟ್‌ವರ್ಕಿನಲ್ಲಿ ಮಾಹಿತಿ ತುಣುಕು ತುಣುಕಾಗಿ ಓಡುತ್ತದೆ. ಒಂದೊಂದು ತುಣುಕೂ ಒಂದು ಪ್ಯಾಕೆಟ್. ಅವುಗಳನ್ನೆಲ್ಲ ಹಿಡಿದು ಬರೆದಿಡುವ ಒಂದು ಕಮಾಂಡ್ ಇದೆ. ಉಳಿದವರು ಅದನ್ನು ಔಷಧಿಯಂತೆ ಬಳಸಿದರೆ ಕಾಕಾ ಎರಡು ಹೊತ್ತಿನ ಊಟದಂತೆ ಬಳಸುತ್ತಿದ್ದರು.

"ಮಂದಿ ಸುಳ್ಳ ಹೇಳ್ತಾರ ಮಗಳ, ಪ್ಯಾಕೆಟ್ ಹೇಳೂದಿಲ್ಲ."

"ಹಂಗಾರ ಮಂದೀನ್ನೂ ಸರ್ವರಿಗೆ ಹಚ್ಚಿಬಿಡ್ರಿ ಕಾಕಾ!" ಎಂದು ನಾನು ರೇಗಿಸುತ್ತಿದ್ದೆ. ಅದೇ ಕಂಪನಿಗೆ ನಾನು ಸೇರಿ ಐದು ತಿಂಗಳಾಗಿತ್ತು. ಕೆಲಸ ಇನ್ನೂ ಕಾಯಂ ಆಗಿರಲಿಲ್ಲ.

ಒಂದು ಸೋಮವಾರ ಆಫೀಸಿನ ನೆಟ್‌ವರ್ಕ್ ಅರ್ಧ ಗಂಟೆ ತಡವರಿಸಿತು. ಬೆರಳು ನನ್ನತ್ತ ತಿರುಗಿತು. ಅವತ್ತು ಬೆಳಿಗ್ಗೆಯೇ ನಾನೊಂದು ಬ್ಯಾಕಪ್ ಪ್ರೋಗ್ರಾಮ್ ಹಾಕಿದ್ದೆ. ಅದನ್ನು ತೆಗೆದೆ. ಆದರೂ ಮಂಗಳವಾರದಿಂದ ಎಲ್ಲವೂ ತೆವಳತೊಡಗಿತು. ಒಂದು ಫೈಲ್ ತೆರೆಯುವಷ್ಟರಲ್ಲಿ ಚಹಾ ಕುಡಿದು, ಕಪ್ ತೊಳೆದು ಬರಬಹುದಿತ್ತು! ಮ್ಯಾನೇಜರ್ ನಗಲಿಲ್ಲ. ಶುಕ್ರವಾರದೊಳಗೆ ಕಾರಣ ಬರೆದುಕೊಡು, ಇಲ್ಲವಾದರೆ ಸೋಮವಾರದಿಂದ ಬರಬೇಡ ಎಂದರು.

ಗುರುವಾರ ಕಾರಣ ಸಿಕ್ಕಿತು. ಕಾಕಾ! ಸೋಮವಾರ ಸಂಜೆಯಿಂದಲೂ ಅವರ ಸರ್ವರ್ ಪ್ಯಾಕೆಟ್ ಹಿಡಿಯುತ್ತಲೇ ಇತ್ತು. ಹಿಡಿದದ್ದನ್ನು ಬರೆದಿಡುತ್ತಿದ್ದದ್ದು ಎಲ್ಲಿ? ಅದೇ ನೆಟ್‌ವರ್ಕಿನಾಚೆ ಇದ್ದ ಇನ್ನೊಂದು ಮಶೀನಿನ ಡಿಸ್ಕಿನಲ್ಲಿ! ಬರೆಯಲು ಕಳಿಸಿದ್ದೂ ಪ್ಯಾಕೆಟ್ಟೇ ತಾನೆ? ಅದನ್ನೂ ಹಿಡಿ, ಅದನ್ನೂ ಬರೆಯಲು ಕಳಿಸು, ಕಳಿಸಿದ್ದನ್ನು ಮತ್ತೆ ಹಿಡಿ. ಮುಂದೆ ಕಸ ಗುಡಿಸುತ್ತ ಹಿಂದೆ ತಾವೇ ಚೆಲ್ಲುತ್ತ ಹೋದ ಹಾಗೆ. ಇಪ್ಪತ್ತು ವರ್ಷ ಸರ್ವರ್ ನೋಡಿದವರು ಮಾಡುವ ತಪ್ಪೇ ಇದು?

ನನಗೆ ಕೆಟ್ಟ ಸಿಟ್ಟು ಬಂತು. ಅವರ ಹುಚ್ಚಿಗೆ ನನ್ನ ಕೆಲಸ ಹೋಗಬೇಕೇ? ಅವರನ್ನು ಒಂದು ಮಾತೂ ಕೇಳದೆ, ಹೆಸರು ಸಮೇತ ರಿಪೋರ್ಟ್ ಬರೆದು ಕಳಿಸಿಬಿಟ್ಟೆ. ನಾನು ಉಳಿದೆ. ಆ ತಿಂಗಳ ಕೊನೆಗೆ ಕಾಕಾನಿಗೆ ರಾಜೀನಾಮೆ ಕೊಡಲು ಹೇಳಿದರು.

ಕೊನೆಯ ದಿನ ಅವರು ಟೇಬಲ್ ಖಾಲಿ ಮಾಡುತ್ತಿದ್ದರು. ಮುಖ ನೋಡುವ ಧೈರ್ಯ ನನಗಿರಲಿಲ್ಲ. ಆದರೂ ಕೇಳಿದೆ.

"ಅವತ್ತ ಅದನ್ನ ಯಾಕ ಹಚ್ಚಿದ್ರಿ ಕಾಕಾ?"

"ನಿನ್ನ ಮ್ಯಾಲ ಹಾಕಿದ್ರಲ್ಲ ಮಗಳ. ನಿಂದು ತಪ್ಪಿಲ್ಲಂತ ಪುರಾವೆ ತೋರಸಬೇಕಿತ್ತು. ಇಲ್ಲಿ ಡಿಸ್ಕ್ ತುಂಬಿತ್ತು, ಗಡಿಬಿಡಿಯೊಳಗ ಆ ಕಡೆ ಬರದೆ."

ಅವರು ಚೀಲ ಹೆಗಲಿಗೇರಿಸಿ, ನನ್ನ ತಲೆ ಸವರಿದರು.

"ನಿನ್ನ ರಿಪೋರ್ಟ್ ಓದೀನಿ. ಭಾಳ ಚಲೋ ಬರದೀ. ಇನ್ನ ನಿನಗ ಯಾರೂ ಏನೂ ಅನ್ನಂಗಿಲ್ಲ."