ಒಂದೇ ಗಂಟೆ, ಮೇಲೊಂದು ನಿಮಿಷವಿಲ್ಲ

ಎಲ್ಲಕ್ಕೂ ಕಾರಣ ವಾಲ್ವಣ್ಣ ಆಡಿದ ಒಂದು ಮಾತು.

"ನಿಶ್ಚಿತಾರ್ಥದ ಫೋಟೋ ತಾನೇ? ಒಂದು ಗಂಟೆ. ಮೇಲೊಂದು ನಿಮಿಷ ನಿಲ್ಲಲ್ಲ!"

ಮನೆಯೊಳಗೆ ಮೆಲ್ಲಗೆ ಹೇಳಿದ್ದರೆ ಅಲ್ಲಿಗೇ ಮುಗಿದುಹೋಗುತ್ತಿತ್ತು. ಪುಣ್ಯಾತ್ಮ ನೀರು ಸರಬರಾಜು ಕಚೇರಿಯ ಬಾಗಿಲಲ್ಲಿ ನಿಂತು, ಬೀದಿಗೆಲ್ಲ ಕೇಳುವಂತೆ ಹೇಳಿದ. ಆ ಬೀದಿಗೆ ನೀರು ಬಿಡುವ ಕೆಲಸ ಅವನದು. ದಿನಾ ಸಂಜೆ ನಾಲ್ಕಕ್ಕೆ ಸರಿಯಾಗಿ ದೊಡ್ಡ ಟ್ಯಾಂಕಿನ ಬುಡದಲ್ಲಿರುವ ಚಕ್ರ ತಿರುಗಿಸಿ ವಾಲ್ವ್ ತೆರೆಯುತ್ತಿದ್ದ. ಮೈ ಕೆಂಡದಂತೆ ಸುಡುವಾಗಲೂ ಹೊತ್ತು ತಪ್ಪಿಸಿದವನಲ್ಲ. ಗಡಿಯಾರ ಕೆಟ್ಟ ಮನೆಯವರು ನಲ್ಲಿಯ ಸದ್ದು ಕೇಳಿ ಕಾಫಿಗೆ ಇಡುತ್ತಿದ್ದರು. ಅವನಿಗೆ ಇದ್ದ ಹೆಮ್ಮೆಯೆಲ್ಲ ಅದೊಂದೇ, ಅದನ್ನು ಯಾವ ಫೋಟೋಗೂ ಬಿಟ್ಟುಕೊಡಲು ಅವನು ತಯಾರಿರಲಿಲ್ಲ.

ಹುಡುಗಿಯೂ ಅದೇ ಕಚೇರಿಯವಳು. ನೀರು ಬರಲಿಲ್ಲವೆಂದು ಬೈಯುವವರ ಫೋನು ಎತ್ತುವುದು ಅವಳ ಕೆಲಸ. ಎಂಥ ಬೈಗುಳವನ್ನೂ ಪೂರ್ತಿ ಕೇಳಿಸಿಕೊಂಡು, "ಗಮನಕ್ಕೆ ತಂದಿದ್ದೀರಿ, ಬಹಳ ಉಪಕಾರವಾಯ್ತು" ಎನ್ನುವಳು. ವಾಲ್ವಣ್ಣ ತಡವರಿಸುತ್ತ ಮದುವೆಯ ಮಾತೆತ್ತಿದಾಗಲೂ ಅಭ್ಯಾಸಬಲದಿಂದ ಹಾಗೇ ಅಂದುಬಿಟ್ಟಿದ್ದಳು.

ಟ್ಯಾಂಕಿನ ಪಕ್ಕದ ಹುಲ್ಲುಹಾಸಿನ ಮೇಲೆ ಫೋಟೋ ಎಂದು ನಿಶ್ಚಯವಾಯಿತು. ಎರಡಕ್ಕೆ ಶುರು, ಮೂರಕ್ಕೆ ಮುಕ್ತಾಯ, ನಾಲ್ಕಕ್ಕೆ ನೀರು. ವಾಲ್ವಣ್ಣನ ಲೆಕ್ಕ ನೇರವಾಗಿತ್ತು.

ಅತ್ತೆಯಾಗುವವರು ಎರಡಕ್ಕೇ ಬಂದರು, ಕೈಯಲ್ಲೊಂದು ಕೋಟು. "ಹಾಕ್ಕೊಳ್ಳಿ ಅಳಿಯಂದ್ರೇ. ದೊಡ್ಡ ಅಳಿಯನದು." ದೊಡ್ಡ ಅಳಿಯ ಸಣಕಲ. ಕೋಟು ತೊಟ್ಟ ವಾಲ್ವಣ್ಣನಿಗೆ ಕೈ ಮಡಚಲು ಬರಲಿಲ್ಲ, ಒಣಗಲು ಹಾಕಿದ ಅಂಗಿಯಂತೆ ನಿಂತ.

ಫೋಟೋಗ್ರಾಫರ್ ಮೂರು ಚೀಲ, ಒಂದು ಬಿಳಿ ಕೊಡೆ ಹೊತ್ತು ಬಂದು ಆಕಾಶ ನೋಡಿದ, ಹುಲ್ಲು ನೋಡಿದ. ಇವರಿಬ್ಬರನ್ನು ನೋಡಲು ಅರ್ಧ ಗಂಟೆ ಹಿಡಿಯಿತು.

"ಸಹಜವಾಗಿ ನಿಂತ್ಕೊಳ್ಳಿ ಸಾರ್."

"ನಿಂತಿರೋದೇ ಸಹಜವಾಗಿ."

"ಇದು ನಿಮ್ಮ ಸಹಜ ಸಾರ್. ನನಗೆ ಬೇಕಾಗಿರೋದು ಫೋಟೋದ ಸಹಜ."

ಅಷ್ಟರಲ್ಲಿ ಬೀದಿಯೇ ಬೇಲಿಯಾಚೆ ಸೇರಿತ್ತು. ನಿವೃತ್ತ ಡ್ರಿಲ್ ಮೇಷ್ಟ್ರು ಬೇಲಿ ದಾಟಿ ಒಳಗೇ ಬಂದರು. "ಲೇ ವಾಲ್ವಣ್ಣ, ಎದೆ ಮುಂದೆ! ಹೊಟ್ಟೆ ಒಳಗೆ! ಹುಡುಗಿ ಕಡೆ ತಿರುಗು, ಒಂದ್, ಎರಡ್!" ವಾಲ್ವಣ್ಣ ಎದೆ ಮುಂದೆ ತಂದ. ಕೋಟಿನ ಬೆನ್ನಿನ ಹೊಲಿಗೆ ಪರ್ರೆಂದಿತು. ಅತ್ತೆ ಸೂಜಿದಾರ ತಂದು, ಅವನು ತೊಟ್ಟಂತೆಯೇ ಹೊಲಿಯಲು ಕೂತರು. ಅದರಲ್ಲೇ ಮೂರು ಹೊಡೆಯಿತು.

"ಆಯ್ತಲ್ಲ, ಒಂದು ಗಂಟೆ," ಎಂದ ವಾಲ್ವಣ್ಣ.

"ಇನ್ನೂ ಶುರುವೇ ಆಗಿಲ್ವಲ್ಲ ಸಾರ್!"

ಶುರುವಾಯಿತು. ಹುಡುಗಿ ಹೂವು ಮೂಸಬೇಕು, ಇವನು ಅವಳು ಮೂಸುವುದನ್ನು ನೋಡಬೇಕು. ಇವನು ಓಡಿ ಬರಬೇಕು, ಅವಳು ಬೆಚ್ಚಬೇಕು. ಓಡಿ ಬಂದವನ ಮುಖ ನೋಡಿ ಅವಳು ನಿಜವಾಗಿಯೇ ಬೆಚ್ಚಿದಳು. ಫೋಟೋಗ್ರಾಫರ್ ತಲೆಯಾಡಿಸಿ, "ಸಹಜ ಬರ್ತಿಲ್ಲ" ಎಂದ. ಬೇಲಿಯಾಚೆಯವರೂ ಒಬ್ಬೊಬ್ಬರಾಗಿ "ಬರ್ತಿಲ್ಲ, ಬರ್ತಿಲ್ಲ" ಎಂದರು. ತಮ್ಮ ಜನ್ಮದಲ್ಲಿ ಒಂದು ಫೋಟೋಗೂ ನೆಟ್ಟಗೆ ಕಣ್ಣು ಬಿಡದ ಜನ! ಹುಡುಗಿ ಮಾತ್ರ, "ಕಾಲು ನೋಯ್ತಿದೆಯೇನ್ರೀ?" ಎಂದು ಮೆಲ್ಲಗೆ ಕೇಳಿದಳು.

ನಾಲ್ಕಕ್ಕೆ ಐದು ನಿಮಿಷವಿತ್ತು.

"ಇನ್ನೊಂದೇ ಒಂದು ಸಾರ್," ಎಂದ ಫೋಟೋಗ್ರಾಫರ್.

"ಇನ್ನೊಂದೇ ಒಂದು," ಎಂದರು ಅತ್ತೆ.

"ನೀರು ಹತ್ತು ನಿಮಿಷ ತಡವಾದ್ರೆ ಆಕಾಶ ಬೀಳಲ್ಲ," ಎಂದರು ಮೇಷ್ಟ್ರು.

ವಾಲ್ವಣ್ಣನ ಪಿತ್ತ ನೆತ್ತಿಗೇರಿತು. ಕೋಟು ಕಿತ್ತು ಬೇಲಿಯ ಮೇಲೆಸೆದ.

"ಕೇಳ್ರೀ ಎಲ್ರೂ! ನಾನು ಮದುವೆ ಆಗ್ತಿರೋದು ಈ ಹುಡುಗೀನ, ನಿಮ್ಮ ಕ್ಯಾಮೆರಾನಲ್ಲ! ನಗು ಅಂದ್ರೆ ನಕ್ಕೆ, ಓಡು ಅಂದ್ರೆ ಓಡಿದೆ. ಸಾಕು! ಈಗ ನಾಲ್ಕು ಗಂಟೆ, ನಾನು ನೀರು ಬಿಡೋನು. ಅದ್ಯಾರು ಅಡ್ಡ ಬರ್ತೀರೋ ಬನ್ನಿ, ನೋಡೇಬಿಡ್ತೀನಿ!"

ಮೇಷ್ಟ್ರು ತಾವಾಗಿಯೇ ಹೊಟ್ಟೆ ಒಳಗೆಳೆದುಕೊಂಡು ದಾರಿ ಬಿಟ್ಟರು. ಅವನು ದಾಪುಗಾಲು ಹಾಕಿ ಟ್ಯಾಂಕಿನ ಬುಡಕ್ಕೆ ನಡೆದು, ಎರಡೂ ಕೈಯಲ್ಲಿ ಚಕ್ರ ಹಿಡಿದು, ಇಡೀ ಮಧ್ಯಾಹ್ನದ ಸಿಟ್ಟನ್ನೆಲ್ಲ ಹಾಕಿ ತಿರುಗಿಸಿದ. ಕೊಳವೆ ಗುಡುಗಿತು. ಹಳೆಯ ಜಾಯಿಂಟಿನಿಂದ ನೀರು ಚಿಮ್ಮಿ, ಹಿಂದೆಯೇ ಓಡಿಬಂದಿದ್ದ ಹುಡುಗಿಯ ಮುಖಕ್ಕೆ ಎರಚಿತು. ಅವಳು ಅವನ ತೋಳು ಹಿಡಿದು ಗಟ್ಟಿಯಾಗಿ ನಕ್ಕಳು. ಅವತ್ತು ಯಾರೂ ಹೇಳಿಕೊಡದೆ ನಕ್ಕದ್ದು ಅದೊಂದೇ ಸಲ.

ಕ್ಲಿಕ್.

"ಬಂತು!" ಫೋಟೋಗ್ರಾಫರ್ ನಿಂತಲ್ಲೇ ಕುಣಿದ. "ಸಹಜ ಬಂತು ಸಾರ್!"

ಎಲ್ಲರೂ ಕ್ಯಾಮೆರಾಕ್ಕೆ ಮುಗಿಬಿದ್ದರು. ವಾಲ್ವಣ್ಣನೂ ಇಣುಕಿದ. ಊರನ್ನೇ ಗೆದ್ದು ಬಂದವನ ಹಾಗೆ ನಿಂತ ಆ ಗಂಡಸು ತಾನೇ ಎಂದು ನಂಬಲು ಅವನಿಗೆ ತುಸು ಹೊತ್ತು ಬೇಕಾಯಿತು. ಬಹಳ ಖುಷಿಯಾಯಿತು. "ನೋಡಿದ್ರಾ? ನನ್ನ ಪಾಡಿಗೆ ಬಿಟ್ಟಿದ್ರೆ ಒಂದು ಗಂಟೆಯೂ ಬೇಕಿರಲಿಲ್ಲ!"

"ಅದೆಲ್ಲ ಸರಿ," ಎಂದರು ಅತ್ತೆ. "ಕೋಟೆಲ್ಲಿ?"

ಕೋಟು ಬೇಲಿಯ ಮೇಲಿತ್ತು.

"ಕೋಟಿಲ್ದಿರೋ ಅಳಿಯನ್ನ ನಾಲ್ಕು ಜನಕ್ಕೆ ಹೆಂಗೆ ತೋರ್ಸಲಿ? ಹಾಕ್ಕೊಂಡು ಇನ್ನೊಂದ್ಸಲ ತಿರುಗ್ಸಿ."

"ವಾಲ್ವ್ ತೆರೆದಾಗಿದೆ ಅತ್ತೆ!"

"ಮುಚ್ಚಿ ತೆರೀರಿ. ನಿಮ್ಮದೇ ಚಕ್ರ ತಾನೇ?"

ವಾಲ್ವಣ್ಣ ಆಸರೆಗಾಗಿ ಹುಡುಗಿಯ ಕಡೆ ನೋಡಿದ. ಇಡೀ ಬೀದಿಯಲ್ಲಿ ಅವನ ಪಕ್ಷದವಳೆಂದರೆ ಅವಳೊಬ್ಬಳೇ. ಅವಳು ಸೆರಗಿನ ತುದಿಯಲ್ಲಿ ಮುಖ ಒರೆಸಿಕೊಳ್ಳುತ್ತ ತಲೆ ತಗ್ಗಿಸಿದಳು.

"ಅದರಲ್ಲಿ ನನ್ನ ಕಣ್ಣು ಮುಚ್ಚಿಹೋಗಿದೆ ಕಣ್ರೀ."

ವಾಲ್ವ್ ಮುಚ್ಚಿದ. ಕೋಟು ತೊಟ್ಟ. ತೆರೆದ.

"ಸಿಟ್ಟು ಸಾಲದು ಸಾರ್. ಆಗಿನ ಹಾಗೇ ಬೈಯಿರಿ, ಆದ್ರೆ ಸಹಜವಾಗಿ."

ಮತ್ತೆ ಮುಚ್ಚಿದ, ಮತ್ತೆ ತೆರೆದ. "ಅಡ್ಡ ಬರ್ತೀರೋ ಬನ್ನಿ!" ಎಂದು ಕೂಗಿದ. ಯಾರೂ ಹೆದರಲಿಲ್ಲ. "ಕೈ ಇನ್ನೂ ಮೇಲೆ!" ಎಂದರು ಮೇಷ್ಟ್ರು. ಬೀದಿಯ ನಲ್ಲಿಗಳು ಬಿಕ್ಕಳಿಸಿದವು, ಉಸಿರು ಹಿಡಿದವು, ಮತ್ತೆ ಬಿಕ್ಕಳಿಸಿದವು.

ಹುಡುಗಿಯ ಫೋನು ಹೊಡೆದುಕೊಂಡಿತು. ರಜೆಯ ದಿನ ಕಚೇರಿಯ ದೂರುಗಳೆಲ್ಲ ಅದಕ್ಕೇ ಬರುತ್ತಿದ್ದವು. ಮೇಷ್ಟ್ರ ಹೆಂಡತಿ. ತಲೆಗೆ ಸೋಪು ಹಚ್ಚಿಕೊಂಡು ನಿಂತವರ ದನಿ ಫೋನಿಲ್ಲದೆಯೂ ಕೇಳುವಂತಿತ್ತು.

ಅವಳು ತಾಳ್ಮೆಯಿಂದ ಪೂರ್ತಿ ಕೇಳಿಸಿಕೊಂಡಳು.

"ಗಮನಕ್ಕೆ ತಂದಿದ್ದೀರಿ, ಬಹಳ ಉಪಕಾರವಾಯ್ತು. ವಾಲ್ವ್ ಹತ್ರ ಕೆಲಸ ನಡೀತಿದೆ ಅಮ್ಮಾ. ಎಷ್ಟು ಹೊತ್ತಾ?"

ಕೋಟಿನೊಳಗೆ ಬಿರಿಯುತ್ತ ಚಕ್ರ ಹಿಡಿದು ನಿಂತಿದ್ದ ವಾಲ್ವಣ್ಣನನ್ನು ಪ್ರೀತಿಯಿಂದ ನೋಡಿ ಅವಳೆಂದಳು:

"ಒಂದು ಗಂಟೆ. ಮೇಲೊಂದು ನಿಮಿಷ ಇಲ್ಲ."