ಅಳಿಯನ ಉಪವಾಸ

ಹಾವಿಗೆ ಹಾಲೆರೆದು ಕೆಟ್ಟವರ ಕಥೆಯನ್ನು ನೀವು ಬೇಕಾದಷ್ಟು ಕೇಳಿದ್ದೀರಿ. ಹಾವನ್ನು ಉಪವಾಸ ಕೆಡವಿ ಕೆಟ್ಟವನು ಬಹುಶಃ ನಾನೊಬ್ಬನೇ. ಅದೂ ಅಮೆರಿಕದ ಷಾರ್ಲೆಟ್‌ನಲ್ಲಿ, ಯುಗಾದಿ ಹಬ್ಬದ ದಿನ, ಹೊಸ ಪಂಚೆ ಉಟ್ಟುಕೊಂಡು!

ಆತ್ಮವಿಶ್ವಾಸಕ್ಕೆ ನನ್ನಲ್ಲಿ ಎಂದೂ ಬರಗಾಲ ಬಂದಿಲ್ಲ. ಬ್ಯಾಂಕುಗಳು ಒಂದನ್ನೊಂದು ಕೊಂಡುಕೊಂಡಾಗ ಅವುಗಳ ಸಾಫ್ಟ್‌ವೇರುಗಳನ್ನು ಒಂದು ಮಾಡುವುದು ನನ್ನ ಉದ್ಯೋಗ. ಅಂಥವನಿಗೆ ಎರಡು ಹಾವುಗಳನ್ನು ಒಂದು ಮಾಡುವುದು ಯಾವ ಮಹಾ ಕೆಲಸ?

ಮೊದಲನೆಯ ಹಾವು ಕೇಸರಿ. ನನ್ನ ಮಗಳು ನಿಧಿ ಹೈಸ್ಕೂಲಿನಲ್ಲಿದ್ದಾಗ ಹಟ ಹಿಡಿದು ತಂದು ಸಾಕಿದ ಕಾರ್ನ್ ಸ್ನೇಕ್. ವಿಷವಿಲ್ಲ, ಸಿಟ್ಟಿಲ್ಲ, ಮೈಬಣ್ಣ ಥೇಟ್ ಕೇಸರಿಬಾತು. ‘ಅದು’ ಎಂದರೆ ನಿಧಿಗೆ ಕೋಪ ಬರುತ್ತಿತ್ತು, ‘ಅವಳು’ ಎನ್ನಬೇಕು. ನನ್ನ ಹೆಂಡತಿ ಸುಮಾ ಆ ಕೋಣೆಯ ಮುಂದೆ ಹಾಯುವಾಗಲೆಲ್ಲ ಕೈಮುಗಿದು ಹೋಗುತ್ತಿದ್ದಳು. ನಾನು ಅಷ್ಟು ಪುಕ್ಕಲನಲ್ಲ. ಬಾಗಿಲವರೆಗೆ ಹೋಗುತ್ತಿದ್ದೆ.

ನಿಧಿ ಕಾಲೇಜಿಗೆಂದು ಬೇರೆ ಊರಿಗೆ ಹೋದಳು. ಹಾಸ್ಟೆಲಿನಲ್ಲಿ ಹಾವಿಗೆ ಜಾಗವಿರಲಿಲ್ಲ, ಕೇಸರಿ ನನ್ನ ಪಾಲಿಗೆ ಉಳಿದಳು. ಫ್ರೀಜರಿನಲ್ಲಿಟ್ಟ ಸತ್ತ ಇಲಿಯನ್ನು ಬಿಸಿನೀರಿನಲ್ಲಿ ಕರಗಿಸಿ, ಇಕ್ಕಳದಲ್ಲಿ ಹಿಡಿದು ತಿನ್ನಿಸುವುದನ್ನು ಕಲಿತೆ. ಪ್ರತಿ ಭಾನುವಾರ ಬೆಳಿಗ್ಗೆ ಮಗಳ ವಿಡಿಯೋ ಕಾಲ್ ಬರುತ್ತಿತ್ತು.

“ಹಾಯ್ ಅಪ್ಪ. ಕ್ಯಾಮೆರಾ ಕೇಸರಿ ಕಡೆ ತಿರುಗ್ಸಿ.”

ತಿರುಗಿಸುತ್ತಿದ್ದೆ. ಅವಳು ಹಾವಿನ ಜೊತೆ ಮಾತಾಡುತ್ತಿದ್ದಳು. ನಾನು ಫೋನಿನ ಸ್ಟ್ಯಾಂಡಿನಂತೆ ಹಿಂದೆ ನಿಂತಿರುತ್ತಿದ್ದೆ. ನನ್ನನ್ನು ಹೇಗಿದ್ದೀರಿ ಎಂದು ಕೇಳದಿದ್ದರೇನಂತೆ, ಮಗಳ ದನಿಯಂತೂ ಕಿವಿಗೆ ಬೀಳುತ್ತಿತ್ತು. ನಿಜ ಹೇಳಬೇಕೆಂದರೆ ನನ್ನ ವಾರ ಕಳೆಯುತ್ತಿದ್ದದ್ದೇ ಆ ದನಿಗಾಗಿ. ಹಾವು ಇರುವವರೆಗೆ ಫೋನು ಬಂದೇ ಬರುತ್ತದೆ ಎಂದು ಧೈರ್ಯವಾಗಿದ್ದೆ.

ಚಳಿಗಾಲದ ರಜೆಗೆ ಬಂದಾಗ ನಿಧಿ ಇನ್ನೊಂದು ಹಾವು ತಂದಳು. ಕಪ್ಪು ಬಿಳಿ ಪಟ್ಟೆಯ ಕಿಂಗ್ ಸ್ನೇಕ್, ಹೆಸರು ರಾಜ. ಇಬ್ಬರನ್ನೂ ಕೂಡಿಸಿ ಮಿಶ್ರತಳಿಯ ಮರಿ ಮಾಡಿಸುವ ಆಲೋಚನೆ ಅವಳದು.

“ಅಂದ್ರೆ ನಮ್ಮನೇಲಿ ಮೊದಲನೇ ಇಂಟರ್‌ಕ್ಯಾಸ್ಟ್ ಮದುವೆ ಹಾವುಗಳದ್ದಾ?” ಎಂದಳು ಸುಮಾ.

ನಿಧಿ ನಗಲಿಲ್ಲ. “ಅಮ್ಮ, ದಿಸ್ ಈಸ್ ಸೀರಿಯಸ್. ಎಲ್ಲಾ ಮರಿಗೂ ಮೊದ್ಲೇ ಮನೆ ಸಿಗ್ಬೇಕು. ಇಲ್ಲಾಂದ್ರೆ ಸ್ಟಾರ್ಟೇ ಮಾಡಲ್ಲ. ಮಿಕ್ಸ್ ಅಂತ ಹೇಳಿಯೇ ಕೊಡ್ಬೇಕು, ಪ್ಯೂರ್ ಅಂತ ಸುಳ್ಳು ಹೇಳ್ಬಾರ್ದು. ಹೊರಗಡೆ ಬಿಡೋ ಹಾಗೇ ಇಲ್ಲ.”

ನನಗೆ ಎದೆ ಉಬ್ಬಿತು. ಮನುಷ್ಯರ ಮದುವೆಯಲ್ಲೂ ಇಷ್ಟು ಪ್ರಾಮಾಣಿಕತೆ ಇಲ್ಲ! ನನ್ನ ಬೋಳುತಲೆಯನ್ನು ನಮ್ಮ ಮನೆಯವರು ಧಾರೆ ಮುಗಿಯುವವರೆಗೆ ಪೇಟದೊಳಗೆ ಬಚ್ಚಿಟ್ಟಿದ್ದರು. ಸುಮಾ ಅದನ್ನು ಇವತ್ತಿಗೂ ಕ್ಷಮಿಸಿಲ್ಲ.

ರಜೆ ಮುಗಿದು ನಿಧಿ ಹೋದ ಮೇಲೆ ರಾಜನೂ ನನ್ನ ಪಾಲಿಗೇ ಉಳಿದ. ಮರಿಗಳಿಗೆ ಮನೆ ಹುಡುಕುವ ಜವಾಬ್ದಾರಿಯನ್ನೂ ನಾನೇ ವಹಿಸಿಕೊಂಡೆ. ದೇವಸ್ಥಾನದ ಪ್ರಸಾದದ ಸಾಲಿನಲ್ಲಿ, ಕನ್ನಡ ಕೂಟದ ಪಿಕ್ನಿಕ್ಕಿನಲ್ಲಿ, ಕಂಡಕಂಡವರಲ್ಲಿ ವಧುವಿನ ತಂದೆಯ ಗಾಂಭೀರ್ಯದಿಂದ ಪ್ರಸ್ತಾಪ ಮಾಡಿದೆ. ಕೆಲವರು ನನ್ನನ್ನು ಕಂಡರೆ ಸಾಲು ಬದಲಾಯಿಸಿದರು. ಹಾಗೂ ಹೀಗೂ ಹುಟ್ಟದ ಮರಿಗಳಿಗೆಲ್ಲ ಮನೆ ಗೊತ್ತಾಯಿತು. ನಿಧಿ ಫೋನಿನಲ್ಲಿ “ವಾವ್, ಅಪ್ಪ!” ಎಂದಳು. ಆ ‘ವಾವ್’ ನನ್ನ ತಲೆಗೇರಿತು. ಕೆಟ್ಟದ್ದೇ ಅಲ್ಲಿ.

ಯುಗಾದಿ ಹತ್ತಿರ ಬಂತು. ನಿಧಿ ಫೋನು ಮಾಡಿದಳು. “ಅಪ್ಪ, ಹಬ್ಬಕ್ಕೆ ಬರೋದು ಡೌಟು, ಲ್ಯಾಬ್ ಇದೆ. ನೆಕ್ಸ್ಟ್ ವೀಕೆಂಡ್ ಬಂದು ನಾನೇ ಅವರಿಬ್ಬರನ್ನ ಸೇರಿಸ್ತೀನಿ. ಅಲ್ಲಿವರ್ಗೂ ಏನೂ ಮಾಡ್ಬೇಡಿ. ರಾಜಂಗೆ ಊಟ ಮಾತ್ರ ಮಿಸ್ ಮಾಡ್ಬೇಡಿ. ಕಿಂಗ್ ಸ್ನೇಕ್ ಬೇರೆ ಹಾವನ್ನ ತಿನ್ನತ್ತೆ. ಹಸಿದಿದ್ರೆ ತುಂಬಾ ಡೇಂಜರ್. ಓಕೆ?”

“ಓಕೆ ಪುಟ್ಟಾ,” ಎಂದೆ. ಎಲ್ಲವೂ ಕೇಳಿಸಿತ್ತು, ಕಿವುಡನೇನಲ್ಲ. ಆದರೆ ತಲೆಯೊಳಗೆ ಬೇರೆ ಲೆಕ್ಕ ಓಡುತ್ತಿತ್ತು. ಯುಗಾದಿ ಎಂದರೆ ಮುಹೂರ್ತವೇ ನೋಡಬೇಕಿಲ್ಲದ ದಿನ! ಮುಂದಿನ ವಾರಾಂತ್ಯ ಅಷ್ಟಮಿಯೋ ನವಮಿಯೋ ಯಾರಿಗೆ ಗೊತ್ತು? ಅವಳು ಬರುವುದರೊಳಗೆ ಮದುವೆ ಮುಗಿಸಿ, ಇನ್ನೊಂದು ‘ವಾವ್’ ಗಿಟ್ಟಿಸುವುದೆಂದು ತೀರ್ಮಾನಿಸಿದೆ.

ಹಬ್ಬಕ್ಕೆ ಮುಂಚೆ ಸುಮಾ ಫ್ರೀಜರ್ ತೊಳೆಯಲು ನಿಂತಳು. “ರೀ, ದೇವರ ನೈವೇದ್ಯಕ್ಕಿಟ್ಟ ಕಾಯಿತುರಿ ಪಕ್ಕದಲ್ಲಿ ಈ ಇಲಿಗಳು! ವರ್ಷದ ಮೊದಲನೇ ದಿನಾನಾದ್ರೂ ಮನೆ ಮಡಿಯಾಗಿರ್ಲಿ.”

ಹಬ್ಬ ಮುಗಿದ ಮೇಲೆ ಹೊಸದು ತಂದರಾಯಿತೆಂದು ಇಲಿಯ ಪೊಟ್ಟಣವನ್ನು ಎತ್ತಿ ಕಸಕ್ಕೆ ಹಾಕಿದೆ. ರಾಜನ ಆ ವಾರದ ಊಟ ಹೀಗೆ ತಪ್ಪಿತು. ಹೆದರುತ್ತಿದ್ದ ಸುಮಾಳೇ ಕೇಳಿದಳು, “ಹಾಗಾದ್ರೆ ಅದರ ಊಟಕ್ಕೇನ್ರೀ?”

“ಧಾರೆ ಆಗೋವರೆಗೂ ಹುಡುಗ ಉಪವಾಸ ಇರ್ಬೇಕು ಕಣೇ. ಶಾಸ್ತ್ರ!” ಎಂದು ನನ್ನ ಜೋಕಿಗೆ ನಾನೇ ನಕ್ಕೆ.

ಹಬ್ಬದ ದಿನ ಅಭ್ಯಂಜನವಾಯಿತು, ಬೇವುಬೆಲ್ಲ ತಿಂದಾಯಿತು. ಪಂಚೆಯನ್ನು ಮೇಲೆತ್ತಿ ಕಟ್ಟಿ, ನಿಧಿಯ ಕೋಣೆಗೆ ಹೋಗಿ, ಅಳಿಯನನ್ನು ಅವನ ಪೆಟ್ಟಿಗೆಯಿಂದ ಎತ್ತಿ ಕೇಸರಿಯ ಗಾಜಿನ ಪೆಟ್ಟಿಗೆಗೆ ಇಳಿಸಿದೆ. ರಾಜ ನಿಧಾನವಾಗಿ ಅವಳ ಬೆನ್ನ ಮೇಲೆ ಹರಿದ. ಕೇಸರಿ ಅಲ್ಲಾಡಲಿಲ್ಲ. ನಾಚಿಕೆ, ಎಂದುಕೊಂಡೆ.

ಅಷ್ಟರಲ್ಲಿ ಕೆಳಗಿನಿಂದ ಶ್ರೀಕಂಠ ಅಂಕಲ್ ಕೂಗಿದರು. ನಾವು ಹುಟ್ಟುವ ಹೊತ್ತಿಗೇ ಅಮೆರಿಕಕ್ಕೆ ಬಂದು ನೆಲೆಸಿದ ಡಾಕ್ಟರು. ಪ್ರತಿ ಯುಗಾದಿಗೂ ನಮ್ಮ ಮನೆಗೆ ಬಂದು ಪಂಚಾಂಗ ಓದುವುದು ಅವರ ಪದ್ಧತಿ. “ಏನಯ್ಯಾ, ಪಂಚಾಂಗ ಶ್ರವಣಕ್ಕೆ ಯಜಮಾನನೇ ಇಲ್ಲ ಅಂದ್ರೆ ಹ್ಯಾಗೆ? ಬಾರಯ್ಯಾ!”

ಹಿರಿಯರ ಮಾತು. ಈಗ ಬಂದೆ ಎಂದು ಹಾವುಗಳಿಗೆ ಹೇಳಿ ಇಳಿದೆ. ಅಂಕಲ್ ಈ ವರ್ಷದ ರಾಜ ಯಾರು, ಮಂತ್ರಿ ಯಾರು, ಮಳೆ ಎಷ್ಟು ಎಂದು ಸಾವಧಾನವಾಗಿ ಓದಿದರು. ನನ್ನ ರಾಶಿಗೆ ಬಂದಾಗ ಕನ್ನಡಕ ಸರಿಪಡಿಸಿಕೊಂಡು, “ಮನೆಯಲ್ಲಿ ಮಂಗಳಕಾರ್ಯ!” ಎಂದರು. ನಾನು ಮೀಸೆಯೊಳಗೇ ನಕ್ಕೆ. ಆಮೇಲೆ ಎಲೆ ಹಾಕಿದರು. ಹೋಳಿಗೆ ಬಂತು, ತುಪ್ಪ ಬಂತು. ಬೇಡ ಬೇಡ ಎನ್ನುತ್ತಲೇ ಮತ್ತೊಂದು ಹೋಳಿಗೆ ಹಾಕಿಸಿಕೊಂಡೆ.

ಬಾಗಿಲ ಗಂಟೆ ಸದ್ದು ಮಾಡಿತು. ನಿಧಿ!

“ಸರ್‌ಪ್ರೈಸ್! ಲ್ಯಾಬ್ ಕ್ಯಾನ್ಸಲ್ ಆಯ್ತು,” ಎಂದು ಅಮ್ಮನನ್ನು ತಬ್ಬಿದಳು, ನನ್ನನ್ನೂ ತಬ್ಬಿದಳು. “ವೇಟ್, ಕೇಸರಿಗೆ ಹಾಯ್ ಹೇಳಿ ಬರ್ತೀನಿ,” ಎಂದು ಮೆಟ್ಟಿಲು ಹತ್ತಿದಳು. ನನ್ನ ಬಾಯಲ್ಲಿ ಹೋಳಿಗೆ ಹಾಗೇ ಉಳಿಯಿತು.

ಮೇಲಿನಿಂದ ಕೂಗು ಬರಲಿಲ್ಲ. ಕೂಗಿದ್ದರೆ ಚೆನ್ನಾಗಿತ್ತು. ನಾನು ಹತ್ತಿ ಹೋದಾಗ ಅವಳು ಪೆಟ್ಟಿಗೆಯ ಮುಂದೆ ನೆಲದ ಮೇಲೆ ಕೂತಿದ್ದಳು. ಒಳಗೆ ರಾಜ ಒಬ್ಬನೇ ಇದ್ದ, ಮೈ ದಪ್ಪಗೆ ಊದಿಕೊಂಡಿತ್ತು. ಅವನ ಬಾಯಿಯ ಅಂಚಿನಲ್ಲಿ ಕಿತ್ತಳೆ ಬಣ್ಣದ ಬಾಲದ ತುದಿ ಕಾಣುತ್ತಿತ್ತು. ನಾವು ನೋಡುತ್ತಿದ್ದಂತೆಯೇ ಅದೂ ಒಳಗೆ ಹೋಯಿತು.

“ಅವನಿಗೆ ಊಟ ಹಾಕಿದ್ರಾ, ಅಪ್ಪ?”

“ಹಬ್ಬ ಅಲ್ವಾ ಪುಟ್ಟಾ...” ಎಂದೆ.

ಜಗತ್ತಿನಲ್ಲಿ ಇಷ್ಟು ಮಾತುಗಳಿವೆ. ಆ ಹೊತ್ತಿನಲ್ಲಿ ನನಗೆ ಹೊಳೆದದ್ದು ಇದು!

“ನೀವು ಪಕ್ಕದಲ್ಲಿ ಇರ್ಲಿಲ್ವಾ?”

“ಪಂಚಾಂಗ... ಅಂಕಲ್ ಕರೆದ್ರು...”

“ಐ ಟೋಲ್ಡ್ ಯೂ,” ಎಂದಳು. ಬೈಯಲಿಲ್ಲ. “ರಾಜಂದೇನೂ ತಪ್ಪಿಲ್ಲ. ಹೀ ವಾಸ್ ಹಂಗ್ರಿ.” ಆಮೇಲೆ ಗಾಜಿಗೆ ಹಣೆ ಆನಿಸಿ ಅತ್ತಳು. ಹೈಸ್ಕೂಲಿನಲ್ಲಿ ಗೆಳತಿಯರಿಲ್ಲದ ವರ್ಷ ಅವಳು ಶಾಲೆಯಿಂದ ಬಂದು ಮಾತಾಡುತ್ತಿದ್ದದ್ದು ಈ ಕೇಸರಿಯ ಜೊತೆಗೇ. ಬೆನ್ನು ಸವರಲು ಕೈ ಚಾಚಿದೆ. ಅವಳು ಸರಿದು ಕೂತಳು. ನನ್ನ ಬೆರಳಿಗೆ ಇನ್ನೂ ತುಪ್ಪ ಅಂಟಿತ್ತು.

ಮಣ್ಣು ಮಾಡೋಣವೆಂದರೆ ಹೆಣವೂ ಇಲ್ಲ, ಅದು ಅಳಿಯನ ಹೊಟ್ಟೆಯಲ್ಲಿ! ಕೇಸರಿ ಮೊದಲ ಸಲ ಬಿಟ್ಟ ಪೊರೆಯನ್ನು ನಿಧಿ ಡಬ್ಬಿಯಲ್ಲಿ ಜೋಪಾನವಾಗಿಟ್ಟಿದ್ದಳು. ಅದನ್ನೇ ಹಿತ್ತಲಿನ ಡಾಗ್‌ವುಡ್ ಮರದ ಬುಡದಲ್ಲಿ ಹೂತೆವು. ಸುಮಾ ದೇವರ ಮುಂದಿನ ಹೂವನ್ನೇ ತಂದು ಹಾಕಿ ಅತ್ತಳು. ನನಗೂ ತಡೆಯಲಾಗಲಿಲ್ಲ. ಪಂಚೆಯ ಅಂಚಿನಲ್ಲಿ ಕಣ್ಣು ಒರೆಸಿಕೊಂಡೆ.

ಮರಿಗಳಿಗಾಗಿ ಕಾದಿದ್ದವರಿಗೆ ಫೋನು ಮಾಡಿ ತಿಳಿಸುವ ಶಿಕ್ಷೆ ಬಾಕಿಯಿತ್ತು. “ಸಂಬಂಧ ಮುರಿದುಬಿತ್ತು,” ಎಂದೆ ಒಬ್ಬ ಮಹಾತಾಯಿಗೆ.

“ಅಯ್ಯೋ, ಯಾಕ್ರೀ? ಹೊಂದ್ಕೊಳ್ಳಲಿಲ್ವಾ?”

“ಇಲ್ಲಮ್ಮಾ, ಹುಡುಗ ಹುಡುಗೀನ ತಿಂದುಬಿಟ್ಟ.”

ಆ ಕಡೆ ಫೋನು ಕಟ್ಟಾಯಿತು. ಮನೆ ಕಟ್ಟಿ ನೋಡು, ಮದುವೆ ಮಾಡಿ ನೋಡು ಎಂದು ಗಾದೆ ಕಟ್ಟಿದವರಿಗೆ ಇಂಥ ಮದುವೆ ಗೊತ್ತಿರಲಿಲ್ಲ.

ನಿಧಿ ವಾಪಸು ಹೋದ ಮೇಲೆ ಮೊದಲ ಭಾನುವಾರ ಫೋನು ಬರಲಿಲ್ಲ. ಮುಂದಿನ ಭಾನುವಾರವೂ ಇಲ್ಲ. ಕಾಫಿ ಆರಿಸಿಕೊಂಡು ಕಾದೆ. ಸುಮಾ, “ನೀವೇ ಮಾಡಿ,” ಎಂದಳು. ಯಾವ ಮುಖ ಇಟ್ಟುಕೊಂಡು ಮಾಡಲಿ? ಅವಳಿಗೆ ತೋರಿಸಲು ನನ್ನ ಬಳಿ ಇನ್ನೇನಿತ್ತು?

ಡಾಗ್‌ವುಡ್ ಮರದ ಹೂವು ಉದುರಿದ ಮೇಲೆ ಒಂದು ಭಾನುವಾರ ಫೋನು ಬಂತು.

“ಅಪ್ಪ, ರಾಜಂಗೆ ಊಟ ಹಾಕಿದ್ರಾ?”

“ಹಾಕಿದೆ ಪುಟ್ಟಾ. ನಿನ್ನೆಯೇ ಹಾಕಿದೆ.”

“ತೋರ್ಸಿ.”

ತೋರಿಸಿದೆ. ಹೊಟ್ಟೆಯ ಉಬ್ಬು ಸರಿಯಾಗಿ ಕಾಣದೆ, “ಇನ್ನೂ ಹತ್ರ,” ಎಂದಳು. ಬಗ್ಗಿ, ಮೊಣಕಾಲೂರಿ, ಫೋನನ್ನು ಗಾಜಿಗೆ ಒತ್ತಿ ಹಿಡಿದೆ.

“ಓಕೆ,” ಎಂದಳು.

ಈಗ ಪ್ರತಿ ಭಾನುವಾರ ಫೋನು ಬರುತ್ತದೆ. ಫ್ರೀಜರಿನ ಮೇಲಿನ ಅರೆ ಇಲಿಗೇ ಮೀಸಲು, ಕಾಯಿತುರಿ ಕೆಳಗೆ. ಗಣೇಶನ ಹಬ್ಬದ ದಿನ ಸುಮಾಳೇ ಇಲಿಯನ್ನು ಬಿಸಿನೀರಿಗೆ ಹಾಕಿ ಕೊಟ್ಟಳು. ಊಟ ಹಾಕಿದೆ ಎಂದು ನಾನು ಹೇಳುತ್ತೇನೆ, ಮಗಳು ತೋರ್ಸಿ ಅನ್ನುತ್ತಾಳೆ. ಇಷ್ಟು ವರ್ಷ ಅಪ್ಪನಾಗಿದ್ದವನ ಮಾತಿಗೆ ಈಗ ಹಾವಿನ ಹೊಟ್ಟೆಯೇ ಸಾಕ್ಷಿ! ಉಬ್ಬು ಕಂಡರೆ, “ಓಕೆ ಅಪ್ಪ, ಬೈ,” ಎನ್ನುತ್ತಾಳೆ. ಕ್ಯಾಮೆರಾ ನನ್ನ ಕಡೆ ತಿರುಗಿಸಿ ಎಂದು ಅವಳು ಹೇಳಿಲ್ಲ, ನಾನೂ ತಿರುಗಿಸಿಲ್ಲ.