ಮೂರು ವರ್ಷ, ಒಂದು ಗೋಲು

ನಗೆಪಾಟಲಿನ ಸಂಗತಿಗಳನ್ನು ಹುಡುಕಿಕೊಂಡು ನಾನು ಎಲ್ಲಿಗೂ ಹೋದವನಲ್ಲ. ಅವೇ ನನ್ನ ವಿಳಾಸ ಕೇಳಿಕೊಂಡು ಬರುತ್ತವೆ. ಇಲ್ಲದಿದ್ದರೆ ಮಲ್ಪೆಯ ಐಸ್ ಪ್ಲಾಂಟಿನಲ್ಲಿ ಬಂಗುಡೆ ಮೀನಿಗೆ ಐಸು ಒಡೆದುಕೊಂಡಿದ್ದ ಮನುಷ್ಯ ಬಹರೈನಿಗೆ ಹೋಗಿ, ಅಲ್ಲಿಯ ಯೂನಿವರ್ಸಿಟಿ ಹುಡುಗಿಯರ ಐಸ್ ಹಾಕಿ ಟೀಮಿಗೆ ಐಸು ಮಾಡಿಕೊಡುವುದೆಂದರೇನು? ಊರಿನಲ್ಲಿ ಇವತ್ತಿಗೂ ಯಾರೂ ನಂಬುವುದಿಲ್ಲ. ನನ್ನ ಹೆಂಡತಿ ನಂಬಿದ್ದೇ ಫೋಟೋ ನೋಡಿದ ಮೇಲೆ.

ಸೌದಿಗೆ ಸಮುದ್ರದ ಮೇಲೆ ಸೇತುವೆ ಕಟ್ಟಿ ಮುಗಿಸುತ್ತಿದ್ದ ಕಾಲ ಅದು. ಹೆಂಡತಿಯ ಮಾತು ತಿಂಗಳಿಗೊಮ್ಮೆ ಕ್ಯಾಸೆಟ್ಟಿನಲ್ಲಿ ಬರುತ್ತಿತ್ತು. ಬುಸೈತೀನ್ ಎಂಬ ಊರಿನ ಒಂದು ರೂಮಿನಲ್ಲಿ ನಾವು ಆರು ಜನ, ಒಂದೇ ಟೇಪ್ ರೆಕಾರ್ಡರ್. ಹಾಗಾಗಿ ನನ್ನ ಸಂಸಾರದ ಜಗಳ ಆರೂ ಜನಕ್ಕೆ ಬಾಯಿಪಾಠ. ಆದರೂ ಆ ದಿನಗಳನ್ನು ನೆನೆದರೆ ಈಗಲೂ ಮನಸ್ಸು ತಂಪಾಗುತ್ತದೆ.

ಹತ್ತು ವರ್ಷದ ಅನುಭವ

ಆಗಷ್ಟೇ ಶುರುವಾಗಿದ್ದ ಐಸ್ ರಿಂಕಿಗೆ ಒಬ್ಬ ಮೆಕ್ಯಾನಿಕ್ ಬೇಕಾಗಿದ್ದ. ರಿಂಕ್ ಎಂದರೆ ದೊಡ್ಡ ಹಾಲ್ ಒಂದರ ನೆಲಕ್ಕೆಲ್ಲ ಐಸು ಹಾಸಿದ ಜಾಗ. ಕಾಲಿಗೆ ಅಡಿಯಲ್ಲಿ ಅಲಗಿರುವ ಬೂಟು ಕಟ್ಟಿಕೊಂಡು ಜನ ಅದರ ಮೇಲೆ ಜಾರುತ್ತಾರೆ. ಮ್ಯಾನೇಜರು ಇಂಗ್ಲೆಂಡಿನವರು. ಇಂಟರ್ವ್ಯೂನಲ್ಲಿ ಕೇಳಿದ್ದು ಒಂದೇ ಪ್ರಶ್ನೆ.

"ಐಸಿನಲ್ಲಿ ಅನುಭವ ಇದೆಯಾ?"

"ಹತ್ತು ವರ್ಷ ಸರ್."

ಆ ಐಸಿನ ಮೇಲೆ ಯಾರಿರುತ್ತಿದ್ದರು ಎಂದು ಅವರು ಕೇಳಲಿಲ್ಲ. ಬಂಗುಡೆ, ಬೂತಾಯಿ ಎಂದು ನಾನೂ ಹೇಳಲಿಲ್ಲ. ಕೆಲಸ ಸಿಕ್ಕಿತು.

ಮೊದಲ ವಾರದಲ್ಲೇ ಗೊತ್ತಾದ ಸಂಗತಿ, ಅಲ್ಲಿಯ ನಲ್ಲಿ ನೀರು ಉಪ್ಪು. ಬಹರೈನಿನಲ್ಲಿ ಮನೆಮನೆಗೂ ಗೊತ್ತಿದ್ದ ಮಾತಿದು. ಕುಡಿಯಲು ಎಲ್ಲರೂ ಬೇರೆ ಸಿಹಿನೀರು ತರಿಸುತ್ತಿದ್ದರು. ಉಪ್ಪು ನೀರಿನ ಐಸು ಗಟ್ಟಿ ನಿಲ್ಲುವುದಿಲ್ಲ, ಮೆತ್ತಗಾಗುತ್ತದೆ. "ಸರ್, ಐಸಿಗೆ ಸಿಹಿನೀರಿನ ಟ್ಯಾಂಕರ್ ತರಿಸಬೇಕು" ಎಂದೆ.

ಅವರು ಚಹಾದ ಕಪ್ಪು ಎತ್ತಿ ತೋರಿಸಿದರು. "ಈ ನೀರಿಗೆ ಏನಾಗಿದೆ? ನಾನು ದಿನಾ ಇದರಲ್ಲೇ ಚಹಾ ಕುಡಿಯುತ್ತೇನೆ. ಉಪ್ಪಿನ ಸುಳಿವೂ ಇಲ್ಲ!"

ಆ ಚಹಾ ಮಾಡುತ್ತಿದ್ದವನು ನಾನೇ. ಅದಕ್ಕೆ ಸಿಹಿನೀರು ನನ್ನ ರೂಮಿನಿಂದ ಕ್ಯಾನಿನಲ್ಲಿ ಬರುತ್ತಿತ್ತು.

ಮೊದಲ ಪಾಠ

ಟೀಮು ಕಟ್ಟಿದ್ದು ಕೆನಡಾದ ಒಬ್ಬ ಟೀಚರಮ್ಮ. ಯೂನಿವರ್ಸಿಟಿಯಲ್ಲಿ ಇಂಗ್ಲಿಷ್ ಕಲಿಸಲು ಬಂದವರು. ಐಸು ಕಂಡದ್ದೇ ತವರಿನವರು ಸಿಕ್ಕಿದಷ್ಟು ಖುಷಿಯಾಗಿ ಕಾಲೇಜಿನಲ್ಲಿ ನೋಟಿಸು ಹಚ್ಚಿದರು. ಹತ್ತು ಹುಡುಗಿಯರು ಬಂದರು. ಒಂಬತ್ತು ಮಂದಿ ಅಲ್ಲಿಯವರೇ. ಹತ್ತನೆಯವಳು ನಮ್ಮ ಉಡುಪಿ ಕಡೆಯ ಹುಡುಗಿ, ಅವಳ ತಂದೆ ಡಿಪ್ಲೊಮ್ಯಾಟಿಕ್ ಏರಿಯಾದ ಬ್ಯಾಂಕಿನಲ್ಲಿದ್ದರು. "ಓಡದೆ ಸುಮ್ಮನೆ ನಿಲ್ಲುವ ಕೆಲಸ ಯಾವುದಿದೆ?" ಎಂದು ಕೇಳಿ ಅವಳು ಗೋಲ್ ಕೀಪರ್ ಆದಳು.

ಕ್ಯಾಪ್ಟನ್ ಮುಹರ್ರಕ್ ಊರಿನವಳು. ಹೊರಟರೆ ಬಿರುಗಾಳಿ. ಒಂದೇ ತೊಂದರೆ ಎಂದರೆ ಅವಳಿಗೆ ನಿಲ್ಲಲು ಬರುತ್ತಿರಲಿಲ್ಲ. ಎದುರಿನ ಗೋಡೆಗೆ ಬಡಿದರೆ ಮಾತ್ರ ನಿಂತಾಳು. ಆ ಗೋಡೆಗೆ ನಾನು ಹಳೆಯ ಹಾಸಿಗೆ ಕಟ್ಟಿದೆ. "ಶುಕ್ರಿಯಾ ಭಾಯಿ" ಎಂದು ಅದಕ್ಕೇ ಹೋಗಿ ಬಡಿದಳು.

ಟೀಚರಮ್ಮ ಮೊದಲ ದಿನ ಹೇಳಿದರು: "ಮೊದಲ ಪಾಠ ಬೀಳುವುದು. ಬೀಳಲು ಹೆದರದವಳೇ ಆಟಗಾರ್ತಿ." ಹತ್ತೂ ಜನ ಶ್ರದ್ಧೆಯಿಂದ ಬಿದ್ದರು. ಮರುವಾರವೂ ಬಿದ್ದರು. ಮೂರು ತಿಂಗಳಾದ ಮೇಲೆ ನಾನು ತಡೆಯಲಾರದೆ ಕೇಳಿದೆ, "ಮೇಡಂ, ಎರಡನೇ ಪಾಠ ಯಾವುದು?"

ಅವರು ಐಸಿನ ಮೇಲೆ ಅಂಗಾತ ಬಿದ್ದಿದ್ದ ತಮ್ಮ ಟೀಮನ್ನು ನೋಡಿ ನಿಟ್ಟುಸಿರು ಬಿಟ್ಟರು. "ಮೊದಲನೆಯದರ ಮೇಲೆ ಇವರಿಗಿರುವ ಪ್ರೀತಿ ನೋಡಿದರೆ, ಎರಡನೆಯದು ಹೇಳಿಕೊಡಲು ನನಗೇ ಮನಸ್ಸು ಬರುವುದಿಲ್ಲ."

ಮರದ ಪುಡಿ

ಒಂದು ಆಗಸ್ಟ್ ತಿಂಗಳಲ್ಲಿ ಕಂಪ್ರೆಸರ್ ಕೈಕೊಟ್ಟಿತು. ಹೊರಗೆ ಬೆಂಕಿ ಬಿಸಿಲು, ಒಳಗೆ ಐಸು ಬೆವರಲು ಶುರು. ಬಿಡಿಭಾಗ ಬರಲು ಮರುದಿನ ಆಗುತ್ತದೆ ಎಂದರು. ಮ್ಯಾನೇಜರು ತಲೆಯ ಮೇಲೆ ಕೈಹೊತ್ತು ಕೂತರು.

ನನಗೆ ಮಲ್ಪೆ ನೆನಪಾಯಿತು. ನಮ್ಮಲ್ಲಿ ಐಸು ಉಳಿಸುವುದಕ್ಕೆ ಯಾರು ಇಂಜಿನಿಯರನ್ನು ಕರೆಯುತ್ತಾರೆ? ಮರದ ಪುಡಿ ಮುಚ್ಚುತ್ತಾರೆ. ಹಿದ್‌ನಲ್ಲಿ ದೋಣಿ ಮಾಡುವವರ ಹತ್ತಿರ ಹೋಗಿ ರಾತ್ರಿಯಿಡೀ ಪಿಕಪ್ಪಿನಲ್ಲಿ ಮರದ ಪುಡಿ ಸಾಗಿಸಿ, ಇಡೀ ರಿಂಕಿಗೆ ಬೆರಳು ದಪ್ಪ ಹಾಸಿದೆ. ಐಸು ಉಳಿಯಿತು.

ಬೆಳಿಗ್ಗೆ ಮ್ಯಾನೇಜರು ಬಾಗಿಲು ತೆಗೆದು ಕೂಗಿದರು, "ಇದೇನು, ರಿಂಕಾ ಒಂಟೆ ಲಾಯವಾ?" ಅಷ್ಟರಲ್ಲಿ ಟೀಮು ಬಂತು. ಅಭ್ಯಾಸ ತಪ್ಪಿಸಲು ಟೀಚರಮ್ಮ ಒಪ್ಪಲಿಲ್ಲ. ಪುಡಿಯ ಮೇಲೆಯೇ ಕ್ಯಾನ್ವಾಸ್ ಶೂ ಹಾಕಿಕೊಂಡು ಆಡಿದರು.

ಏನು ಓಟ, ಏನು ಪಾಸು! ಕ್ಯಾಪ್ಟನ್ ಗೋಡೆಯ ಸಹಾಯವಿಲ್ಲದೆ ನಿಂತಳು. ಒಬ್ಬಳೂ ಬೀಳಲಿಲ್ಲ. ಟೀಚರಮ್ಮ ಕಣ್ಣೊರೆಸಿಕೊಂಡು ನನ್ನ ಕೈ ಹಿಡಿದರು. "ನನ್ನ ಟೀಮಿನಲ್ಲಿ ಎಲ್ಲವೂ ಇದೆ. ಅಡ್ಡ ಬರುತ್ತಿರುವುದು ಐಸು ಒಂದೇ."

ಎಸಿ ಉಂಟು

ಗೋಲ್ ಕೀಪರ್ ಹುಡುಗಿಯ ತಾಯಿಯನ್ನು ನಾನು ಅಕ್ಕ ಎನ್ನುತ್ತಿದ್ದೆ. ಮಗಳನ್ನು ಟೀಮಿಗೆ ಬಿಡುವ ಮೊದಲು ಅಕ್ಕ ನನ್ನನ್ನು ಮನೆಗೆ ಕರೆಸಿ ನೀರುದೋಸೆ ಬಡಿಸಿ ವಿಚಾರಣೆ ಮಾಡಿದರು.

"ತಮ್ಮಾ, ಹಾಕಿ ಅಂದ್ರೆ ಬಿಸಿಲಲ್ಲಿ ಓಡ್ಲಿಕ್ಕುಂಟಲ್ಲ? ಹುಡುಗಿ ಕಪ್ಪಾದ್ರೆ ಊರಲ್ಲಿ ಎಂತ ಹೇಳುದು ಮಾರಾಯ?"

"ಇಲ್ಲಕ್ಕ, ಒಳಗೇ ಆಡುದು. ಎಸಿ ಉಂಟು."

"ಎಸಿ ಜೋರುಂಟಾ?"

"ಸ್ವಲ್ಪ ಜೋರೇ ಅಕ್ಕ."

ನಾನು ಸುಳ್ಳು ಹೇಳಲಿಲ್ಲ. ಆದರೆ ಮೊದಲ ಮ್ಯಾಚಿಗೆ ಸೀರೆ ಉಟ್ಟು ಬಂದ ಅಕ್ಕ ಬಾಗಿಲಲ್ಲೇ ನಡುಗಿ ನನ್ನನ್ನು ನೋಡಿದ ನೋಟ ಇನ್ನೂ ಮರೆತಿಲ್ಲ. ಮರುಗಳಿಗೆ ಮಗಳ ತಲೆಗೆ ಹೆಲ್ಮೆಟ್ಟಿನ ಅಡಿಯಲ್ಲಿ ಮಂಕಿ ಕ್ಯಾಪು ಬಂತು. ಫ್ಲಾಸ್ಕಿನಲ್ಲಿ ಕಾಳುಮೆಣಸಿನ ಕಷಾಯ ಹೇಗೂ ಇತ್ತು.

ಎದುರಾಳಿಗಳು ವಿದೇಶಿ ಕಂಪನಿಯವರ ಮನೆಯ ಹೆಂಗಸರು. ದ್ವೀಪದಲ್ಲಿ ಇದ್ದ ಇನ್ನೊಂದು ಟೀಮು ಅದೊಂದೇ. ತೊಟ್ಟಿಲಿನಿಂದ ಇಳಿದದ್ದೇ ಐಸಿನ ಮೇಲೆ ಎನ್ನುವಂಥವರು. ಈ ಆಟದಲ್ಲಿ ಚೆಂಡಿಲ್ಲ, ರಬ್ಬರಿನ ಚಪ್ಪಟೆ ಬಿಲ್ಲೆ. ಅದು ಬಲೆಗೆ ಬಿದ್ದಾಗಲೆಲ್ಲ ಆಟ ಒಂದು ನಿಮಿಷ ನಿಲ್ಲುತ್ತದಲ್ಲ, ಅಷ್ಟರಲ್ಲಿ ಅಕ್ಕ ಲೋಟ ಹಿಡಿದು ಮಗಳ ಹತ್ತಿರ ಹಾಜರ್.

"ಅಮ್ಮಾ, ಪ್ಲೀಸ್! ಗೋ ಅಂಡ್ ಸಿಟ್!"

"ಕುಡಿ ಮಗಾ. ಸೋಲ್ಲಿಕ್ಕೆ ಶೀತ ಮಾಡ್ಕೊಳ್ಬೇಕು ಅಂತ ಎಂತ ಇಲ್ಲ."

ಒಂಬತ್ತು ಗೋಲು, ಒಂಬತ್ತು ಲೋಟ ಕಷಾಯ. ಟೀಮು ಸೋತಿತು. ಹುಡುಗಿಗೆ ಮಾತ್ರ ಆ ವರ್ಷವಿಡೀ ಒಂದು ಸೀನೂ ಬರಲಿಲ್ಲ.

ದೃಷ್ಟಿ

ಹೀಗೆ ಮೂರು ವರ್ಷ ಕಳೆಯಿತು. ಸೋಲುವುದು ರೂಢಿಯಾಗಿತ್ತು, ಅದಕ್ಕೆ ಯಾರಿಗೂ ಬೇಸರವಿಲ್ಲ. ಆದರೆ ಮೂರು ವರ್ಷದಲ್ಲಿ ನಮ್ಮವರು ಒಂದೇ ಒಂದು ಗೋಲು ಹೊಡೆದಿರಲಿಲ್ಲ. ಕಡೆಗೊಂದು ದಿನ ಮ್ಯಾನೇಜರು ಟೀಮನ್ನು ನಿಲ್ಲಿಸಿ ಹೇಳಿಬಿಟ್ಟರು: "ಬರುವ ಶುಕ್ರವಾರದ ಮ್ಯಾಚಿನಲ್ಲಿ ಒಂದಾದರೂ ಗೋಲು ಬರಬೇಕು. ಇಲ್ಲದಿದ್ದರೆ ವಾರಕ್ಕೊಮ್ಮೆ ನಿಮಗೆ ಕೊಡುವ ಗಂಟೆಯನ್ನು ಮಕ್ಕಳ ಬರ್ತ್‌ಡೇ ಪಾರ್ಟಿಗೆ ಕೊಡುತ್ತೇನೆ."

ಅವತ್ತು ಕ್ಯಾಪ್ಟನ್ ಗೋಡೆಗೆ ಬಡಿಯಲಿಲ್ಲ. ಕಂಪ್ರೆಸರ್ ರೂಮಿನ ಮೆಟ್ಟಿಲಿನಲ್ಲಿ ಕೂತು ಬೂಟಿನ ದಾರ ಬಿಚ್ಚುತ್ತಾ ಹಿಂದಿಯಲ್ಲಿ ಹೇಳಿದಳು, "ಭಾಯಿ, ವಾರದಲ್ಲಿ ಈ ಒಂದು ಗಂಟೆ ಮಾತ್ರ ನನ್ನದು. ಉಳಿದದ್ದೆಲ್ಲ ಬೇರೆಯವರದ್ದು." ಐಸು ಮಾಡುವವನಿಂದ ಗೋಲು ಮಾಡಿಕೊಡಲಾಗುತ್ತದೆಯೇ?

ಅಕ್ಕನಿಗೆ ಮಾತ್ರ ರೋಗ ಗೊತ್ತಿತ್ತು. "ಇದು ದೃಷ್ಟಿಯೇ ತಮ್ಮಾ. ಅಷ್ಟು ಚಂದದ ಹುಡುಗಿಯರು, ಕಣ್ಣು ಬೀಳದೆ ಇರ್ತದಾ?"

ಶುಕ್ರವಾರ ಮಧ್ಯಾಹ್ನ ಮ್ಯಾಚು ಶುರುವಾಗುವವರೆಗೆ ನಾನು ಕಂಪ್ರೆಸರ್ ರೂಮಿನಲ್ಲಿದ್ದೆ. ಮ್ಯಾನೇಜರೇ ಅಂಪೈರು. ಮೊದಲರ್ಧದಲ್ಲಿ ಆದದ್ದು ಪವಾಡ. ಎದುರಾಳಿಗಳು ಹೊಡೆದ ಬಿಲ್ಲೆ ನಮ್ಮ ಗೋಲಿನ ಹತ್ತಿರ ಬಂದದ್ದೇ ಕೆಸರಿನಲ್ಲಿ ಸಿಕ್ಕ ಎಮ್ಮೆಯ ಹಾಗೆ ನಿಂತುಬಿಡುತ್ತಿತ್ತು. ಒಂದೂ ಗೋಲಿಲ್ಲ! ವಿರಾಮದಲ್ಲಿ ಐಸಿಗೆ ಹೊಸ ನೀರು ಹಾಯಿಸಲು ಪೈಪು ಎತ್ತಿದೆ. "ಬೇಡ, ಐದು ಗಂಟೆಗೆ ಬರ್ತ್‌ಡೇ ಪಾರ್ಟಿ ಇದೆ" ಎಂದು ಮ್ಯಾನೇಜರು ತಡೆದರು.

ಬದಿ ಬದಲಾಯಿತು. ಪವಾಡವೂ ಬದಿ ಬದಲಾಯಿಸಿತು. ನೋಡನೋಡುತ್ತ ನಮಗೆ ಐದು ಗೋಲು ಬಿತ್ತು. ಇನ್ನು ಎರಡು ನಿಮಿಷ ಇರುವಾಗ ಅವರಲ್ಲೊಬ್ಬಳು ಬಿಲ್ಲೆಯನ್ನು ತಮ್ಮ ಕೀಪರಿಗೇ ಹಿಂದಕ್ಕೆ ತಳ್ಳಿದಳು. ಬಿಲ್ಲೆ ದಾರಿಯಲ್ಲೇ ನಿಂತಿತು. ಎತ್ತಲು ಬಂದ ಕೀಪರಿನ ಬೂಟು ಹೂತು, ಆಕೆ ತೊಪ್ಪನೆ ಕೂತಳು. ಅತ್ತಲಿಂದ ನಮ್ಮ ಕ್ಯಾಪ್ಟನ್ ಬರುತ್ತಿದ್ದಳು, ನಿಲ್ಲಲು ಬಾರದವಳು. ಮೊದಲ ಪಾಠದ ಪ್ರಕಾರ ಬಿದ್ದಳು. ಬಿಲ್ಲೆಯನ್ನು ಹೊಟ್ಟೆಯಡಿ ಹಾಕಿಕೊಂಡು, ಕೂತ ಕೀಪರಿನ ಪಕ್ಕದಿಂದ ಜಾರಿ, ಬಲೆಯ ಒಳಗೆ ಹೋಗಿ ನಿಂತಳು.

ಗೋಲು! ಟೀಚರಮ್ಮ ಕುಣಿದರು. ಎದುರಾಳಿಗಳು ಮಾತ್ರ ಮ್ಯಾನೇಜರನ್ನು ಮುತ್ತಿಕೊಂಡರು: "ಅಲ್ಲಿ ಐಸೇ ಇಲ್ಲ, ನೀರಿದೆ! ಈ ಗೋಲು ಲೆಕ್ಕಕ್ಕಿಲ್ಲ!" ನಾನು ಓಡಿ ಮೊದಲು ತಲುಪಿ ನೋಡಿದರೆ, ಗೋಲಿನ ಮುಂದೆ ಪರಾತದಷ್ಟು ಅಗಲದ ಕೆಸರು, ಅದರ ನಡುವೆ ಒಂದು ಒಣಮೆಣಸು ತೇಲುತ್ತಿದೆ.

ತಲೆಯೆತ್ತಿದೆ. ಅಕ್ಕ ಕಟಕಟೆಯ ಆಚೆಯಿಂದ ಮೆಲ್ಲಗೆ ಹೇಳಿದರು, "ಆಟಕ್ಕೆ ಮೊದಲು ಉಪ್ಪು ಮೆಣಸು ನಿವಾಳಿಸಿದ್ದು ತಮ್ಮಾ. ಒಬ್ಬೊಬ್ಬಳಿಗೆ ಒಂದೊಂದು ಮುಷ್ಟಿ ಕಲ್ಲುಪ್ಪು, ಹತ್ತು ಮುಷ್ಟಿ. ಬೆಂಕಿಗೆ ಹಾಕ್ಬೇಕು, ಇಲ್ಲದಿದ್ರೆ ನೀರಿಗೆ. ಇಲ್ಲಿ ಬೆಂಕಿ ಎಲ್ಲುಂಟು? ಇದು ನೀರೇ ಅಲ್ವಾ?"

ಹತ್ತು ಮುಷ್ಟಿ ಕಲ್ಲುಪ್ಪು ಐಸಿಗೆ! ಮ್ಯಾನೇಜರು ಹತ್ತಿರ ಬಂದಾಗಿತ್ತು. ಸಾಕ್ಷಿಯನ್ನು ಬಚ್ಚಿಡಲು ಜಾಗವಿಲ್ಲ. ಮೆಣಸನ್ನು ಎತ್ತಿ ಬಾಯಿಗೆ ಹಾಕಿಕೊಂಡು ಅಗಿದುಬಿಟ್ಟೆ. ಬಣ್ಣದ ಬ್ಯಾಡಗಿಯಲ್ಲ, ನಮ್ಮೂರಿನ ಗಿಡ್ಡ ಮೆಣಸು.

ಮ್ಯಾನೇಜರು ಬಗ್ಗಿ ಕೆಸರಿಗೆ ಬೆರಳದ್ದಿ ನೆಕ್ಕಿದರು. ಮುಖ ಹುಳ್ಳಗಾಯಿತು. "ಉಪ್ಪು!"

"ಮೂರು ವರ್ಷದಿಂದ... ಹೇಳ್ತಾ ಇದ್ದೇನೆ... ಸರ್" ಎಂದೆ. ಕಣ್ಣಲ್ಲಿ ಧಾರಾಕಾರ ನೀರು, ಮೂಗಲ್ಲೂ ನೀರು, ಮಾತು ಹೊರಡದು.

ಅವರು ನನ್ನನ್ನೇ ನೋಡಿದರು. ಅಷ್ಟು ದೊಡ್ಡ ಗಂಡಸು ನೀರಿನ ವಿಷಯಕ್ಕೆ ಬಿಕ್ಕುವುದನ್ನು ಆ ಪುಣ್ಯಾತ್ಮ ಎಂದೂ ಕಂಡಿರಲಿಲ್ಲ. ಹೆಗಲ ಮೇಲೆ ಕೈಯಿಟ್ಟರು. "ಅಳಬೇಡ. ತಪ್ಪು ನನ್ನದು. ನಾಳೆಯೇ ಸಿಹಿನೀರಿನ ಟ್ಯಾಂಕರ್ ಬರುತ್ತದೆ." ಆಮೇಲೆ ಎದುರಾಳಿಗಳ ಕಡೆ ತಿರುಗಿ ಸೀಟಿ ಊದಿದರು. "ಅರ್ಧ ಆಟ ಅವರು ಈ ನೀರಿನ ಪಕ್ಕ ನಿಂತರು, ಅರ್ಧ ಆಟ ನೀವು. ಗೋಲು ಗೋಲೇ!"

ಗಂಟೆ ಉಳಿಯಿತು. ಟ್ಯಾಂಕರೂ ಬಂತು. ಐಸು ಎಷ್ಟು ಗಟ್ಟಿಯಾಯಿತೆಂದರೆ ಮುಂದಿನ ಮ್ಯಾಚಿನಲ್ಲಿ ನಮಗೆ ಹದಿನಾಲ್ಕು ಗೋಲು ಬಿತ್ತು. ಯಾರೂ ಬೇಸರಿಸಲಿಲ್ಲ. ಕೆಲವು ವರ್ಷಗಳ ನಂತರ ರಿಂಕು ಮುಚ್ಚಿತು, ಹುಡುಗಿಯರು ಮದುವೆಯಾಗಿ ದಿಕ್ಕುದಿಕ್ಕಿಗೆ ಹೋದರು, ನಾನು ಊರಿಗೆ ಬಂದೆ. ಆ ಶುಕ್ರವಾರ ತೆಗೆದ ಫೋಟೋ ಮಾತ್ರ ನಮ್ಮ ಚಾವಡಿಯ ಗೋಡೆಯಲ್ಲಿದೆ.

ಮನೆಗೆ ಬಂದವರು ಅದನ್ನು ನೋಡಿ ಮೆಚ್ಚುತ್ತಾರೆ. ಹತ್ತು ಹುಡುಗಿಯರು ಬಾಯ್ತುಂಬ ನಗುತ್ತಿದ್ದಾರೆ, ಮೂಲೆಯಲ್ಲಿ ನಾನು ಕಣ್ಣೊರೆಸಿಕೊಳ್ಳುತ್ತಿದ್ದೇನೆ. ನಡುವೆ ಸೀರೆಯುಟ್ಟ ಅಕ್ಕ, ಎರಡೂ ಕೈಯಲ್ಲಿ ಫಳಫಳ ಹೊಳೆಯುವ ಟ್ರೋಫಿ ಎತ್ತಿ ಹಿಡಿದಿದ್ದಾರೆ.

ಅದು ಉಪ್ಪಿನ ಡಬ್ಬಿ.